ಸೊನ್ನೆ, ಸೊನ್ನೆ

ರಾತ್ರಿ ಎರಡೂವರೆಗೆ ಬಾಗಿಲು ಬಡಿದಳು ಲ್ಯೆರ್ಕಾ,
ಕೆಳಮನೆಯಾಕೆ. ಎಪ್ಪತ್ತೆಂಟು. ಹೆಗಲ ಮೇಲೆ ಗಂಡಸರ ಕೋಟು.
"ಸ್ರೆಚ್ಕೊ, ಒಳಗೆ ವಿಮಾನ ಹೊರಟು ನಿಂತಿದೆಯೇನು?
ನನ್ನ ಕಪಾಟಿನ ಲೋಟಗಳೆಲ್ಲ ಮಾತಾಡಿಕೊಳ್ಳುತ್ತಿವೆ."

ವಿಮಾನವಲ್ಲ, ಫ್ಯಾನು.
ಹಳೆಯ ಯಂತ್ರ ಕಂಪೈಲರಿನಿಂದ ಕಂಪೈಲರನ್ನೇ ಕಟ್ಟುತ್ತಿತ್ತು,
ತನ್ನ ಹೆರಿಗೆ ತಾನೇ ಮಾಡಿಸಿಕೊಳ್ಳುವ ಸೂಲಗಿತ್ತಿಯ ಹಾಗೆ
ನರಳಿ, ಬೆವರಿ, ಮೂರನೆಯ ಸಲ.

ಯಾರೋ ಕಟ್ಟಿಕೊಟ್ಟ ಲಿನಕ್ಸ್ ಬೇಡ,
ಇಟ್ಟಿಗೆ ಇಟ್ಟಿಗೆಯೂ ನನ್ನ ಕೈಯದೇ ಇರಲಿ
ಎಂದು ಹಟ ತೊಟ್ಟು ಹನ್ನೊಂದು ವಾರ.
ಕಟ್ಟುವುದು ಕಷ್ಟವಲ್ಲ, ಕೀಳುವುದು ಕಷ್ಟ.
ಒಂದು ಪ್ಯಾಕೇಜು ಒಳಗೆ ಬಂತೆಂದರೆ
ಮದುವೆಗೆ ಬಂದ ದೂರದ ನೆಂಟ:
ಚಪ್ಪಲಿ ಬಿನ್‌ನಲ್ಲಿ, ಟವೆಲು ಲಿಬ್‌ನಲ್ಲಿ,
ಹಲ್ಲುಜ್ಜುವ ಬ್ರಷ್ಷು ಎಲ್ಲೋ ಶೇರ್‌ನ ಮೂಲೆಯಲ್ಲಿ.
ಹೊರಡಪ್ಪಾ ಅಂದ ದಿನ
ಯಾವುದು ಅವನದು, ಯಾವುದು ಮನೆಯದು?

ಅದಕ್ಕೇ ಈ ಉಪಾಯ, ಅಂದೆ.
ಕೆಳಗೆ ಮೂಲ ವ್ಯವಸ್ಥೆ. ಓದಬಹುದು, ಮುಟ್ಟುವಂತಿಲ್ಲ.
ಅದರ ಮೇಲೊಂದು ಖಾಲಿ ಡೈರೆಕ್ಟರಿ ಹೊದಿಸಿ
ಎರಡೂ ಒಂದೇ ಎಂಬಂತೆ ಮೌಂಟ್ ಮಾಡಿದರೆ
ಬಂದವನು ಮನೆಯಿಡೀ ಓಡಾಡಿದೆನೆಂದುಕೊಳ್ಳುತ್ತಾನೆ;
ಅವನು ಚೆಲ್ಲಿದ್ದೆಲ್ಲ ಬೀಳುವುದು ಆ ಹೊದಿಕೆಯ ಮೇಲೆ.
ಮೆಲ್ಲಗೆ ಎತ್ತು, ಮಡಿಸು, ಹೆಸರು ಬರೆ:
ಅದೇ ಪ್ಯಾಕೇಜು.

ಲ್ಯೆರ್ಕಾ ನಗಲಿಲ್ಲ. ಸ್ಟೂಲು ಎಳೆದು ಕೂತಳು.
"ಇದನ್ನು ಮೂವತ್ತೊಂದು ವರ್ಷ ಮಾಡಿದ್ದೇನೆ, ಕಾರ್ಟೂನು ಸ್ಟುಡಿಯೋದಲ್ಲಿ.
ಕೆಳಗೆ ಬೀದಿ, ದೀಪದ ಕಂಬ. ಒಬ್ಬರೇ, ಒಂದೇ ಸಲ ಬಿಡಿಸಿದ್ದು.
ಮೇಲೆ ಪಾರದರ್ಶಕ ಹಾಳೆಯಲ್ಲಿ ನಾಯಿ.
ಅದರ ಮೇಲೆ ಇನ್ನೊಂದರಲ್ಲಿ ಬರೀ ಬಾಲ.
ಕ್ಯಾಮೆರಾ ಮೇಲಿಂದ ನೋಡಿದರೆ ಒಂದೇ ನಾಯಿ, ಒಂದೇ ಬೀದಿ.
ಬರಿಗೈಯಲ್ಲಿ ಬೀದಿ ಮುಟ್ಟಿದರೆ ಸಂಬಳ ಕಟ್.
ನಿನ್ನದು ಎಷ್ಟು ಹಾಳೆ?"

ನಲವತ್ತಮೂರು.

"ಅಯ್ಯೋ ಹುಡುಗಾ! ಐದು ದಾಟಿದರೆ ಬೆಳಕು ಮಂಕಾಗುತ್ತೆ."

ನಾಲ್ಕಕ್ಕೆ ಹೊಸ ಲಿಬ್‌ಸಿ ಹಾಕಿದೆ.
ಎಲ್ಎಸ್ ಅಂದೆ: ಹಾಗೊಂದು ಇಲ್ಲ ಅಂತು.
ಸಿಪಿ ಅಂದೆ: ಇಲ್ಲ. ಇಲ್ಲವೆನ್ನಲು ಮಾತ್ರ ಉಸಿರಿತ್ತು.
ಹನ್ನೊಂದು ವಾರ ಕಣ್ಣೆದುರೇ ಮೂಗಾಗಿ ಕೂತಿತು.
ಪವರ್ ತೆಗೆದು, ಮತ್ತೆ ಹಚ್ಚಿ,
ಪದರಗಳ ಪಟ್ಟಿಯ ಕೊನೆಯ ಸಾಲನ್ನಷ್ಟೆ ಅಳಿಸಿದೆ.
ಎದ್ದು ನಿಂತಿತು, ಏನೂ ಆಗದವರ ಹಾಗೆ.
"ಹಾಳೆ ಎತ್ತಿದೆ, ಅಷ್ಟೇ," ಅಂದಳು ಆಕಳಿಸಿ.

ಮತ್ತೆ ಕೇಳಿದಳು: "ಕೆಳಗಿನ ಕಂಬವೇ ಬೇಡವಾದರೆ?"
ಕೆಳಗಿನದು ಅಳಿಯುವುದಿಲ್ಲ, ಅಂದೆ.
ಮೇಲಿನ ಪದರದಲ್ಲಿ ಅದೇ ಹೆಸರಲ್ಲಿ
ಒಂದು 'ಇಲ್ಲ'ವನ್ನು ಇಡುತ್ತದೆ ಕರ್ನಲ್.
ಅದರ ಗುರುತು ಸೊನ್ನೆ, ಸೊನ್ನೆ.
ನೋಡಿದವರಿಗೆ ಕಂಬವೂ ಕಾಣದು, ಸೊನ್ನೆಯೂ ಕಾಣದು.

ತುಸು ಹೊತ್ತು ಫ್ಯಾನಿನದೇ ಮಾತು.
"ನಮ್ಮಲ್ಲೊಬ್ಬನಿದ್ದ," ಅಂದಳು. "ಹಿನ್ನೆಲೆ ಬಿಡಿಸುತ್ತಿದ್ದ ಝ್ಲಾಟ್ಕೊ.
ಬೀದಿಯ ಜನರ ನಡುವೆ ತನ್ನನ್ನೇ ನಿಲ್ಲಿಸಿಕೊಂಡಿದ್ದ, ಟೋಪಿ ಎತ್ತಿ.
ಆಮೇಲೆ ಯಾರೊಂದಿಗೋ ಜಗಳ, ಕೆಲಸ ಬಿಟ್ಟ.
ಅವನು ಕಾಣಬಾರದು ಅಂದರು ಮೇಲಿನವರು.
ಒಂದು ಹಾಳೆಯ ಮೇಲೆ ನಾನೇ ಬಳಿದೆ,
ಗೋಡೆಯ ಬೂದು ಬಣ್ಣದ ತೇಪೆ, ಅಂಗೈಯಗಲ.
ಸ್ಟುಡಿಯೋ ಮುಚ್ಚಿದಾಗ ಆ ಹಾಳೆ ಮನೆಗೆ ತಂದೆ.
ಬೀದಿ ಎಲ್ಲಿ ಹೋಯಿತೋ."

ಮೊದಲ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು.
ಅವಳು ಮೆಟ್ಟಿಲಿಳಿದ ಮೇಲೆ ಕೂತು
ನಲವತ್ತಮೂರನ್ನು ಬೆಸೆದು ಐದು ಮಾಡಿದೆ.
ಸೊನ್ನೆಗಳೆಲ್ಲ ಕರಗಿದವು, ಒಂದರ ಹೊರತು:
ತಾನು ಮುಚ್ಚಿದ ಫೈಲು ಕೆಳಗೆ ಇಲ್ಲದಿದ್ದರೂ
ಕಾವಲು ಬಿಡದೆ ಕೂತಿತ್ತು.

ಮಧ್ಯಾಹ್ನ ಮತ್ತೆ ಬಂದಳು.
ಈ ಸಲ ಹೆಗಲು ಬರಿದು.
ಆ ಕೋಟನ್ನು ನಾಲ್ಕು ಮಡಿಕೆ ಮಾಡಿ
ಯಂತ್ರದ ಕೆಳಗೆ ತುರುಕಿ ಅಂದಳು:
"ಲೋಟಗಳಿಗೆ ನಿದ್ದೆ ಬೇಕು."